ಎತ್ತಿಗೆ ಜ್ವರ, ಸೆನ್ಸರ್‌ಗೆ ಬರೆ

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ, ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರು. ಎರಡು ತಿಂಗಳ ಹಿಂದೆ ಡ್ಯಾಶ್‌ಬೋರ್ಡ್‌ನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ, ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ಹೊಸದು ಹಾಕಿಸಿದೆ. ದೀಪ ಆರಿತು. ಹತ್ತು ದಿನಕ್ಕೆ ಮತ್ತೆ ಬಂತು, ಅದೇ ಕೋಡ್. ಈಗ ಇಸಿಯುವೇ (ಇಂಜಿನ್ ನಡೆಸುವ ಕಂಪ್ಯೂಟರ್) ಕೆಟ್ಟಿರಬೇಕು ಎನ್ನುತ್ತಿದ್ದಾರೆ. ಓಡಿಸುವಾಗ ಅಂಥ ತೊಂದರೆಯೇನೂ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಸ್ವಲ್ಪ ಅದುರುತ್ತದೆ ಅಷ್ಟೆ. ಇನ್ನೊಂದು ವಿಷಯ: ಆಕ್ಸಿಲರೇಟರ್ ಒತ್ತಿದರೆ ಗಾಡಿ ಅರೆಕ್ಷಣ ಯೋಚನೆ ಮಾಡಿ ಹೊರಡುತ್ತದೆ. ಇದು ಹೊಸದರಿಂದಲೂ ಇದೆ. ಇಸಿಯು ನಿಜಕ್ಕೂ ಏನು ಮಾಡುತ್ತದೆ? ಬದಲಿಸಬೇಕಾ? ಅಲ್ಲಿಯವರೆಗೆ ಗಾಡಿ ಓಡಿಸಬಹುದಾ?

ಉತ್ತರ: ಇಸಿಯು ಬದಲಿಸಬೇಡಿ. ಸದ್ಯಕ್ಕಂತೂ ಬೇಡವೇ ಬೇಡ. ನೀವು ಬರೆದಿರುವುದರಲ್ಲಿ ಅದು ಕೆಟ್ಟಿದೆ ಎನ್ನಲು ನನಗೆ ಒಂದೂ ಕಾರಣ ಕಾಣಲಿಲ್ಲ. ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿರುವುದಕ್ಕೇ ದೀಪ ಮತ್ತೆ ಬಂದಿದೆ. ನೀವು ಬಿಚ್ಚಿಸಿದ ಹಳೆಯ ಆಕ್ಸಿಜನ್ ಸೆನ್ಸರ್ ಕೂಡ ಬಹುಶಃ ಚೆನ್ನಾಗಿಯೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗಾಗಿದೆ.

ಮೊದಲು ಆ ಕೋಡ್ ಏನು ಹೇಳುತ್ತಿದೆ ನೋಡೋಣ. ಪಿ ಅಂದರೆ ಪವರ್‌ಟ್ರೇನ್, ಇಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಸೇರಿದ್ದು. ಅದರ ಮುಂದೆ ಸೊನ್ನೆ ಇದ್ದರೆ ಆ ಕೋಡ್‌ಗೆ ಎಲ್ಲ ಕಂಪನಿಗಳ ಗಾಡಿಗಳಲ್ಲೂ ಒಂದೇ ಅರ್ಥ. ಅದರ ಪಕ್ಕದ 1 ಗಾಳಿ ಮತ್ತು ಇಂಧನದ ಲೆಕ್ಕವನ್ನು ತೋರಿಸುತ್ತದೆ. ಪೂರ್ತಿ ಓದಿದರೆ, ಒಂದನೇ ಬ್ಯಾಂಕಿನಲ್ಲಿ ಮಿಶ್ರಣ ತೀರಾ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ, ಅಂತ. ಬ್ಯಾಂಕ್ ಅಂದರೆ ಸಿಲಿಂಡರ್‌ಗಳ ಸಾಲು. ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತ ಇಂಜಿನ್‌ನಲ್ಲಿ ಇರುವುದು ಸಾಮಾನ್ಯವಾಗಿ ಅದೊಂದೇ ಬ್ಯಾಂಕು. ಇದರಲ್ಲಿ ಸೆನ್ಸರ್ ಕೆಟ್ಟಿದೆ ಎಂಬ ಮಾತು ಎಲ್ಲಿದೆ? ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟರೆ ಅದಕ್ಕೆಂದೇ ಪಿ0130ರಿಂದ ಶುರುವಾಗುವ ಬೇರೆ ಕೋಡ್‌ಗಳಿವೆ. ನಿಮ್ಮ ಸೆನ್ಸರ್ 'ಇಲ್ಲಿ ಗಾಳಿ ಜಾಸ್ತಿ ಇದೆ' ಎಂದು ಸಾಕ್ಷಿ ಹೇಳಿತು. ನಾವು ಸಾಕ್ಷಿಯನ್ನೇ ಹಿಡಿದು ಒಳಗೆ ಹಾಕಿದೆವು.

ಇಸಿಯು ಈ ತೀರ್ಮಾನಕ್ಕೆ ಹೇಗೆ ಬರುತ್ತದೆ ಎಂದು ಗೊತ್ತಾದರೆ ನಿಮ್ಮ ಗಾಡಿಯ ರೋಗ ಅರ್ಧ ಪತ್ತೆಯಾದ ಹಾಗೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಇಂಜಿನ್ ಒಳಗೆ ಏನಾಗುತ್ತಿದೆ ಎಂಬುದು ಇಸಿಯುಗೆ ಕಣ್ಣಾರೆ ಕಾಣುವುದಿಲ್ಲ. ಅದಕ್ಕೆ ಬರುವುದು ಬರೀ ವೋಲ್ಟೇಜುಗಳು. ಬಹಳ ಮುಖ್ಯವಾದ ಸುದ್ದಿ, ಪಿಸ್ಟನ್‌ಗಳ ಓಡಾಟಕ್ಕೆ ತಿರುಗುವ ದಂಡ ಕ್ರ್ಯಾಂಕ್‌ಶಾಫ್ಟ್ ಎಲ್ಲಿದೆ ಎಂದು ಹೇಳುವ ಕ್ರ್ಯಾಂಕ್ ಸೆನ್ಸರ್‌ನದು. ಹಲವು ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ ಜೊತೆ ಹಲ್ಲುಗಳಿರುವ ಒಂದು ಚಕ್ರ ತಿರುಗುತ್ತದೆ. 60 ಹಲ್ಲಿಗೆ ಜಾಗ ಇರುತ್ತದೆ, ಬೇಕೆಂದೇ ಎರಡು ಹಲ್ಲು ಬಿಟ್ಟಿರುತ್ತಾರೆ. ಒಂದೊಂದು ಹಲ್ಲು ದಾಟಿದರೆ 6 ಡಿಗ್ರಿ. ಆ ಖಾಲಿ ಜಾಗ ಬಂದಾಗ ಇಸಿಯುಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗುತ್ತದೆ. ಇಂಜಿನ್ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ತಿರುಗುವಾಗ ಒಂದು ಸುತ್ತಿಗೆ ಹಿಡಿಯುವುದು 10 ಮಿಲಿಸೆಕೆಂಡ್. ಅಂದರೆ ಒಂದೇ ಮಿಲಿಸೆಕೆಂಡಿನಲ್ಲಿ 36 ಡಿಗ್ರಿ. ಅಷ್ಟರೊಳಗೆ ಯಾವ ಸಿಲಿಂಡರ್‌ಗೆ ಎಷ್ಟು ಪೆಟ್ರೋಲ್, ಸ್ಪಾರ್ಕ್ ಯಾವಾಗ ಎಂದು ತೀರ್ಮಾನವಾಗಿ ಕೆಲಸವೂ ಆಗಿರಬೇಕು.

ಪೆಟ್ರೋಲ್ ಲೆಕ್ಕ ಶುರುವಾಗುವುದು ಗಾಳಿಯಿಂದ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 1ಕ್ಕೆ 14.7 ಪಾಲು ಗಾಳಿ ಬೇಕು. ಉದಾಹರಣೆಗೆ 1.2 ಲೀಟರ್‌ನ, ನಾಲ್ಕು ಸಿಲಿಂಡರ್‌ನ ಇಂಜಿನ್ ತಗೊಳ್ಳಿ. ಒಂದು ಸಿಲಿಂಡರ್ 0.3 ಲೀಟರ್. ಅದು ಪೂರ್ತಿ ತುಂಬಿದರೆ ಒಳಗೆ ಬರುವ ಗಾಳಿ ಸುಮಾರು 0.36 ಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲ್ ಬರೀ 24 ಮಿಲಿಗ್ರಾಂ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ, ಇದರ ಕಾಲು ಭಾಗದ ಆಸುಪಾಸು. ಇಷ್ಟು ಸಣ್ಣ ಹನಿಯನ್ನು ಅಳೆಯಲು ಇಸಿಯು ಬಳಸುವುದು ಸಮಯವನ್ನು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂಬುದೇ ಅಳತೆ. ಐಡ್ಲಿಂಗ್‌ನಲ್ಲಿ ಅದು ಸಾಮಾನ್ಯವಾಗಿ ಎರಡು ಮೂರು ಮಿಲಿಸೆಕೆಂಡ್. ಬ್ಯಾಟರಿ ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆದುಕೊಳ್ಳುವುದೂ ತಡವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸುತ್ತದೆ.

ಒಳಗೆ ಬಂದ ಗಾಳಿಯನ್ನು ಅಳೆಯುವ ದಾರಿ ಎರಡು. ಒಂದು, ಏರ್ ಫಿಲ್ಟರ್ ಆದ ಕೂಡಲೇ ಪೈಪಿನಲ್ಲಿ ಕೂರುವ ಮಾಸ್ ಏರ್ ಫ್ಲೋ ಸೆನ್ಸರ್, ವರ್ಕ್‌ಶಾಪ್ ಭಾಷೆಯಲ್ಲಿ ಮಾಫ್. ಬಿಸಿ ಮಾಡಿದ ತಂತಿ ಅಥವಾ ಪದರವನ್ನು ಗಾಳಿ ಎಷ್ಟು ತಣ್ಣಗೆ ಮಾಡುತ್ತದೆ ಎಂಬುದರಿಂದ ಅದು ತೂಕ ಹೇಳುತ್ತದೆ. ಇನ್ನೊಂದು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಒತ್ತಡ, ಗಾಳಿಯ ಬಿಸಿ, ಆರ್‌ಪಿಎಂ ಗೊತ್ತಿದ್ದರೆ ಎಷ್ಟು ಗಾಳಿ ಎಂದು ಲೆಕ್ಕ ಹಾಕಬಹುದು. ನಿಮ್ಮ ಗಾಡಿಯಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ತಿಳಿದುಕೊಳ್ಳಿ. ಇದರ ಮೇಲೆ ಬಹಳಷ್ಟು ನಿಂತಿದೆ.

ಲೆಕ್ಕ ಎಷ್ಟೇ ಚೆನ್ನಾಗಿರಲಿ, ಅದು ಅಂದಾಜು. ಇಂಜೆಕ್ಟರ್ ಹಳತಾಗುತ್ತದೆ, ಫಿಲ್ಟರ್ ಕಟ್ಟುತ್ತದೆ, ಪೆಟ್ರೋಲೇ ಬೇರೆಯಾಗುತ್ತದೆ. ಅದಕ್ಕೇ ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಇಂದಿನ ಇಂಜಿನ್ ಕಂಟ್ರೋಲ್‌ನ ಜೀವ ಇದೇ ಎಂದು ನನ್ನ ಅನಿಸಿಕೆ. ಸಾಮಾನ್ಯ ಬಗೆಯ ಸೆನ್ಸರ್ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಇದ್ದರೆ 0.9 ವೋಲ್ಟ್ ಹತ್ತಿರ, ಲೀನ್ ಇದ್ದರೆ 0.1 ವೋಲ್ಟ್ ಹತ್ತಿರ ತೋರಿಸುತ್ತದೆ. ನಡುವೆ ನಿಲ್ಲುವುದೇ ಇಲ್ಲ, ಆಚೆ ಈಚೆ ಓಲಾಡುತ್ತಿರುತ್ತದೆ. ಲೀನ್ ಎಂದರೆ ಇಸಿಯು ಸ್ವಲ್ಪ ಪೆಟ್ರೋಲ್ ಕೂಡಿಸುತ್ತದೆ, ರಿಚ್ ಎಂದರೆ ಕಳೆಯುತ್ತದೆ. ಹೀಗೆ ಕ್ಷಣಕ್ಷಣಕ್ಕೆ ಮಾಡುವ ತಿದ್ದುಪಡಿಗೆ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಎನ್ನುತ್ತಾರೆ. ಅದು ದಿನವೂ ಒಂದೇ ಕಡೆ ವಾಲುತ್ತಿದ್ದರೆ ಇಸಿಯು ಅದನ್ನು ಕಲಿತು ನೆನಪಿಟ್ಟುಕೊಳ್ಳುತ್ತದೆ. ಅದು ಲಾಂಗ್ ಟರ್ಮ್ ಟ್ರಿಮ್.

ಈಗ ನಿಮ್ಮ ದೀಪದ ಗುಟ್ಟು. ಲಾಂಗ್ ಟರ್ಮ್ ಟ್ರಿಮ್ ಸೊನ್ನೆಯ ಆಚೆ ಈಚೆ ಐದರಿಂದ ಹತ್ತು ಶೇಕಡಾ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುಮಾರು ಶೇ. 20–25ರಷ್ಟು ಕೂಡಿಸಿದರೂ ಸಾಲದು ಎಂದಾಗ ಇಸಿಯು ಕೈ ಚೆಲ್ಲಿ ಪಿ0171 ಬರೆಯುತ್ತದೆ. ಮೆಕ್ಯಾನಿಕ್ ಕೋಡ್ ಅಳಿಸಿದಾಗ ಹೆಚ್ಚಿನ ಗಾಡಿಗಳಲ್ಲಿ ಈ ಕಲಿಕೆಯೂ ಅಳಿಸಿಹೋಗುತ್ತದೆ. ಟ್ರಿಮ್ ಸೊನ್ನೆಗೆ ಬರುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕು. ಸಾಲದ್ದಕ್ಕೆ, ಇಂಥ ಬಹಳಷ್ಟು ತಪ್ಪುಗಳು ಎರಡು ಓಡಾಟಗಳಲ್ಲಿ ಕಂಡ ಮೇಲೇ ದೀಪ ಹೊತ್ತುತ್ತದೆ. ನಿಮ್ಮ ಹತ್ತು ದಿನದ ನೆಮ್ಮದಿ ಹೊಸ ಸೆನ್ಸರ್‌ನಿಂದ ಬಂದದ್ದಲ್ಲ. ಸುಮ್ನೆ ಕೋಡ್ ಅಳಿಸಿದ್ದರೂ ಅಷ್ಟೇ ದಿನ ಸಿಗುತ್ತಿತ್ತು.

ಹಾಗಾದರೆ ಏನು ಮಾಡಬೇಕು? ಸ್ಕ್ಯಾನರ್‌ನಲ್ಲಿ ಕೋಡ್ ಓದಿ ಮುಚ್ಚಿಡಬೇಡಿ. ಅದರಲ್ಲೇ ಲೈವ್ ಡೇಟಾ ಎಂಬುದಿದೆ, ಅದನ್ನು ತೆರೆಯಲು ಹೇಳಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎರಡೂ ಟ್ರಿಮ್‌ಗಳನ್ನು ಕೂಡಿಸಿ ಬರೆದುಕೊಳ್ಳಿ. ಆಮೇಲೆ ಗಾಡಿ ನಿಂತಲ್ಲೇ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಕೊನೆಗೆ ಏರುರಸ್ತೆಯಲ್ಲಿ ಓಡಿಸುವಾಗ ಪಕ್ಕದಲ್ಲಿ ಕೂತವರು ಒಮ್ಮೆ ನೋಡಲಿ. ಈ ಮೂರು ಅಂಕಿಗಳು ಯಾವ ದುಬಾರಿ ಬಿಡಿಭಾಗಕ್ಕಿಂತಲೂ ಜಾಸ್ತಿ ಹೇಳುತ್ತವೆ.

ಐಡ್ಲಿಂಗ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು, 2500ಕ್ಕೆ ಇಳಿದುಹೋದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಲೆಕ್ಕ ಹೀಗೆ. ಮಾಫ್ ಇರುವ ಇಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ 3 ಗ್ರಾಂ ಗಾಳಿ ಅಳೆಯಿತು ಅನ್ನಿ. ಮಾಫ್ ದಾಟಿದ ಮೇಲೆ ಒಂದು ಹೋಸ್ ಬಿರುಕು ಬಿಟ್ಟು ಅಲ್ಲಿಂದ 0.6 ಗ್ರಾಂ ಕದ್ದು ಒಳಗೆ ಬಂತು. ಇದು ಶೇ. 20ರಷ್ಟು ಲೆಕ್ಕಕ್ಕೆ ಸಿಗದ ಗಾಳಿ. ಅದೇ ಇಂಜಿನ್ ರಸ್ತೆಯಲ್ಲಿ ಸೆಕೆಂಡಿಗೆ 20 ಗ್ರಾಂ ಎಳೆಯುವಾಗ ಆ 0.6 ಗ್ರಾಂ ಬರೀ ಶೇ. 3. ನಿಂತಾಗ ಅದುರುತ್ತದೆ, ಓಡುವಾಗ ಸರಿ ಇದೆ ಎಂದು ನೀವು ಬರೆದಿದ್ದೀರಿ. ನನಗೆ ಮೊದಲ ಅನುಮಾನ ಬಂದದ್ದು ಅಲ್ಲಿಂದಲೇ. ಎಂಟು ವರ್ಷದ ರಬ್ಬರ್ ಹೋಸುಗಳು, ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕ್ರ್ಯಾಂಕ್‌ಕೇಸ್ ಹೊಗೆ ವಾಪಸ್ ತರುವ ಬ್ರೀದರ್ ಪೈಪ್, ಪೆಟ್ರೋಲ್ ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್, ಇವನ್ನು ಮೊದಲು ನೋಡಿಸಿ. ಇಂಟೇಕ್ ಒಳಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಸ್ಮೋಕ್ ಟೆಸ್ಟ್ ಇದಕ್ಕೆ ಒಳ್ಳೆಯ ದಾರಿ. ಓಡುತ್ತಿರುವ ಬಿಸಿ ಇಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವವರೂ ಇದ್ದಾರೆ. ಅದಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ, ಬೇಡ ಅನ್ನಿ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಇದೇ ಕೋಡ್‌ಗೆ ಒಂದು ಗಾಡಿಯಲ್ಲಿ ಮೂರು ಸಾಮಾನು ಬದಲಿಸಿದ್ದೆ. ಕೊನೆಗೆ ಸಿಕ್ಕಿದ್ದು ಬ್ರೀದರ್ ಪೈಪಿನ ಬಾಗಿನ ಕೆಳಗೆ ಒಂದು ಸೀಳು. ಮೇಲಿಂದ ನೋಡಿದರೆ ಪೈಪು ಹೊಸದರ ಹಾಗಿತ್ತು. ಇಂಜಿನ್ ಅದುರಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಗಾಡಿಯವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಇನ್ನೊಂದು ಬಗೆ ಇದಕ್ಕೆ ಉಲ್ಟಾ. ಐಡ್ಲಿಂಗ್‌ನಲ್ಲಿ ಟ್ರಿಮ್ ಪರವಾಗಿಲ್ಲ, ಲೋಡ್ ಬಿದ್ದಷ್ಟೂ ಏರುತ್ತದೆ. ಆಗ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್ ಸೋತಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂದು ಪ್ರೆಶರ್ ಗೇಜ್ ಹಾಕಿ ನೋಡಬೇಕು. ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರ್ ಹೊರಗೆ, ಗಾಳಿಯ ದಾರಿಯಲ್ಲೇ ಚಿಮ್ಮಿಸುವುದು) ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ 3–4 ಬಾರ್ ಇರಬೇಕು. ಮಾಫ್ ತಂತಿಗೆ ಧೂಳು ಮೆತ್ತಿಕೊಂಡು ಗಾಳಿಯನ್ನು ಕಡಿಮೆ ಹೇಳುತ್ತಿದ್ದರೂ ಹೀಗೇ ಆಗುತ್ತದೆ. ಎಣ್ಣೆ ಸವರಿದ ದುಬಾರಿ ಏರ್ ಫಿಲ್ಟರ್ ಹಾಕಿಸಿಕೊಂಡವರಿಗೆ ಈ ಕಾಟ ಬರುವುದುಂಟು.

ಎಲ್ಲ ಕಡೆಯೂ ಒಂದೇ ಸಮ ಜಾಸ್ತಿ ಇದ್ದರೆ? ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿಸುತ್ತೀರಾ ಎಂದು ಕೇಳುತ್ತೇನೆ. ಎಥನಾಲ್‌ನ ಒಳಗೇ ಆಕ್ಸಿಜನ್ ಇದೆ, ಅದಕ್ಕೆ 1ಕ್ಕೆ ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು, ಟ್ರಿಮ್ ಒಂದಿಷ್ಟು ಮೇಲೆ ಹೋಗುತ್ತದೆ. ಅದೊಂದರಿಂದಲೇ ಕೋಡ್ ಬರುವುದು ಕಡಿಮೆ. ಆದರೆ ಅದರ ಮೇಲೆ ಒಂದು ಸಣ್ಣ ಸೋರಿಕೆ ಸೇರಿದರೆ ಗೆರೆ ದಾಟುತ್ತದೆ.

ಮ್ಯಾಪ್ ಸೆನ್ಸರ್ ಇರುವ ಇಂಜಿನ್‌ನಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಕದ್ದು ಬಂದ ಗಾಳಿಯೂ ಮ್ಯಾನಿಫೋಲ್ಡ್ ಒತ್ತಡ ಏರಿಸುತ್ತದೆ. ಇಸಿಯು ಅದನ್ನೂ ಲೆಕ್ಕಕ್ಕೆ ತಗೊಂಡು ಪೆಟ್ರೋಲ್ ಹಾಕುತ್ತದೆ. ಲೀನ್ ಆಗುವ ಬದಲು ಐಡ್ಲಿಂಗ್ ಏರುತ್ತದೆ. ಅಂಥ ಗಾಡಿಯಲ್ಲಿ ಪಿ0171 ಬಂದರೆ ನಾನು ಮೊದಲು ಪೆಟ್ರೋಲ್ ಒತ್ತಡದ ಕಡೆಗೆ, ಆಮೇಲೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೈಪಿನ ಕಡೆಗೆ ಹೋಗುತ್ತೇನೆ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ಸಣ್ಣ ಸಂದಿ ಇದ್ದರೂ ಹೊರಗಿನ ಗಾಳಿ ಒಳಗೆ ನುಗ್ಗಿ ಸೆನ್ಸರ್‌ಗೆ ಮೋಸ ಮಾಡುತ್ತದೆ. ಮಿಶ್ರಣ ಸರಿಯಾಗಿದ್ದರೂ ಅದು ಲೀನ್ ಎಂದೇ ಹೇಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಇಂಜಿನ್ ಚಾಲೂ ಮಾಡಿ, ಟಿಕ್ ಟಿಕ್ ಸದ್ದು ಕೇಳುತ್ತದಾ ನೋಡಿ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಬಾನೆಟ್ ತೆರೆದು ಹುಡುಕಬೇಕಿಲ್ಲ. ಲೈವ್ ಡೇಟಾದಲ್ಲಿ ಗಾಳಿ ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಅಳತೆಯಾಗಿ ಬರುತ್ತಿದ್ದರೆ ಮಾಫ್, ಮ್ಯಾನಿಫೋಲ್ಡ್ ಒತ್ತಡ ಮಾತ್ರ ಬರುತ್ತಿದ್ದರೆ ಮ್ಯಾಪ್. ಕೆಲವು ಗಾಡಿಗಳಲ್ಲಿ ಎರಡೂ ಇರುತ್ತವೆ.

ಹೊಸದಾಗಿ ಹಾಕಿಸಿದ ಸೆನ್ಸರ್ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆ ಸುಲಭ. ಗಾಡಿ ಓಡುವಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ವೋಲ್ಟೇಜ್ 0.8ರ ಮೇಲೆ ಜಿಗಿಯಬೇಕು. ಗೇರ್‌ನಲ್ಲೇ ಕಾಲು ತೆಗೆದರೆ ಸೊನ್ನೆಯ ಹತ್ತಿರ ಬೀಳಬೇಕು. ಯಾಕೆಂದರೆ ಆಗ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸಿಬಿಡುತ್ತದೆ, ಚಕ್ರಗಳೇ ಇಂಜಿನ್ ತಿರುಗಿಸುತ್ತಿರುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರು ಇದನ್ನು ಗಮನಿಸಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಪೆಟ್ರೋಲ್ ಬೇಕು, ಗೇರ್‌ನಲ್ಲಿದ್ದರೆ ಬೇಡ. ಈ ಅಂಕಿಗಳು ಸಾಮಾನ್ಯ ಸೆನ್ಸರ್‌ಗೆ. ವೈಡ್‌ಬ್ಯಾಂಡ್ ಸೆನ್ಸರ್ ಇದ್ದರೆ ವೋಲ್ಟೇಜ್ ಬೇರೆ ಥರ ಇರುತ್ತದೆ, ಅಲ್ಲಿ ಮಿಶ್ರಣದ ಹದ ಹೇಳುವ ಲ್ಯಾಂಬ್ಡಾ ಅಂಕಿ ನೋಡಬೇಕು.

ಇನ್ನು ಇಸಿಯು ನಿಜಕ್ಕೂ ಕೆಡುವುದಿಲ್ಲವಾ? ಕೆಡುತ್ತದೆ, ಅಪರೂಪಕ್ಕೆ. ಒಳಗೆ ನೀರು ಹೋದರೆ, ಬ್ಯಾಟರಿ ತಂತಿ ಉಲ್ಟಾ ಕೊಟ್ಟರೆ, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದರೆ. ಆಗ ಲಕ್ಷಣ ಬೇರೆ. ಸ್ಕ್ಯಾನರ್‌ಗೆ ಉತ್ತರವೇ ಬರುವುದಿಲ್ಲ, ಅಥವಾ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕೋಡ್ ಒಟ್ಟಿಗೆ ಬರುತ್ತವೆ, ಅಥವಾ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ. ಹಾಗೆ ಆದರೂ ಮೊದಲು ಅದರ ಫ್ಯೂಸ್, ಕರೆಂಟು, ಅರ್ಥಿಂಗ್ ನೋಡಬೇಕು. ಅರ್ಥಿಂಗ್ ಬೋಲ್ಟ್‌ಗೆ ತುಕ್ಕು ಹಿಡಿದರೆ ಹಲವು ಸೆನ್ಸರ್‌ಗಳು ಒಟ್ಟಿಗೆ ಸುಳ್ಳು ಹೇಳತೊಡಗುತ್ತವೆ. ಇನ್ನೊಂದು ಮಾತು, ಇಸಿಯು ಬಲ್ಬ್ ಥರ ತೆಗೆದು ಹಾಕುವ ವಸ್ತುವಲ್ಲ. ಹೆಚ್ಚಿನ ಗಾಡಿಗಳಲ್ಲಿ ಕೀಲಿಯ ಇಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ಜೊತೆ ಅದನ್ನು ಹೊಂದಿಸಬೇಕು, ಆ ಇಂಜಿನ್‌ಗೆ ತಕ್ಕ ಸಾಫ್ಟ್‌ವೇರ್ ತುಂಬಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ, ಆಕ್ಸಿಲರೇಟರ್ ಒತ್ತಿದರೆ ಅರೆಕ್ಷಣ ತಡ. ಹಳೆಯ ಗಾಡಿಗಳಲ್ಲಿ ಪೆಡಲ್‌ನಿಂದ ಥ್ರಾಟಲ್‌ಗೆ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಒಂದು ಕೇಬಲ್ ಇತ್ತು. ಒತ್ತಿದರೆ ತೆರೆಯುತ್ತಿತ್ತು. ಈಗ ಕೇಬಲ್ ಇಲ್ಲ. ಪೆಡಲ್ ಒತ್ತುವುದು ಇಸಿಯುಗೆ ಅರ್ಜಿ ಹಾಕಿದ ಹಾಗೆ: ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು ಅಂತ. ಅರ್ಜಿ ಹಾಕುವವರು ನೀವೊಬ್ಬರೇ ಅಲ್ಲ. ಎಸಿ ಕಂಪ್ರೆಸರ್ ನನಗಿಷ್ಟು ಬೇಕು ಎನ್ನುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗೇರ್ ಬದಲಿಸುವಾಗ ಒಂದು ಕ್ಷಣ ಕಡಿಮೆ ಮಾಡು ಎನ್ನುತ್ತದೆ. ಚಕ್ರ ಜಾರುತ್ತಿದ್ದರೆ ಸ್ಟೆಬಿಲಿಟಿ ಕಂಟ್ರೋಲ್ ಕೂಡಲೇ ಇಳಿಸು ಎನ್ನುತ್ತದೆ. ಇವರೆಲ್ಲ ಮಾತಾಡುವುದು ಹೆಚ್ಚಾಗಿ ಕ್ಯಾನ್ ಎಂಬ ಎರಡು ತಂತಿಯ ದಾರಿಯಲ್ಲಿ. ಬಾಷ್ ಅದನ್ನು 1986ರಲ್ಲಿ ಹೊರತಂದಿತು. ಇಸಿಯು ಎಲ್ಲರ ಅರ್ಜಿ ನೋಡಿ ಒಂದು ತೀರ್ಮಾನಕ್ಕೆ ಬರುತ್ತದೆ.

ಆ ತೀರ್ಮಾನ ಜಾರಿಗೆ ಬರುವ ದಾರಿಯೂ ಎರಡು. ಗಾಳಿಯ ದಾರಿ ನಿಧಾನ, ಥ್ರಾಟಲ್ ತೆರೆದ ಮೇಲೆ ಮ್ಯಾನಿಫೋಲ್ಡ್ ತುಂಬಬೇಕು. ಸ್ಪಾರ್ಕ್‌ನ ದಾರಿ ಬೇಗ, ಮುಂದಿನ ಸಿಲಿಂಡರ್ ಉರಿಯುವಾಗಲೇ ಪರಿಣಾಮ. ಐಡ್ಲಿಂಗ್‌ನಲ್ಲಿ ಇಸಿಯು ಬೇಕೆಂದೇ ಸ್ಪಾರ್ಕನ್ನು ಸ್ವಲ್ಪ ತಡ ಮಾಡಿ ಇಟ್ಟುಕೊಂಡಿರುತ್ತದೆ. ಎಸಿ ಹಾಕಿದ ಕೂಡಲೇ ಸ್ಪಾರ್ಕ್ ಮುಂದೆ ತಂದು ಇಂಜಿನ್ ಆಫ್ ಆಗದ ಹಾಗೆ ಹಿಡಿಯುತ್ತದೆ. ನೀವು ಪೆಡಲ್ ಒಮ್ಮೆಲೇ ಒತ್ತಿದಾಗ ಟಾರ್ಕನ್ನು ಒಮ್ಮೆಲೇ ಕೊಟ್ಟರೆ ಗೇರು, ಶಾಫ್ಟುಗಳ ನಡುವಿನ ಸಡಿಲವೆಲ್ಲ ಬಿಗಿದು ಗಾಡಿ ಎಗರುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಟರ್ಬೊ ಇದ್ದರೆ ಅದು ತಿರುಗಿ ಒತ್ತಡ ಕೊಡುವ ತಡವೂ ಸೇರುತ್ತದೆ. ಹೊಸದರಿಂದಲೂ ಇತ್ತು ಎಂದಿದ್ದೀರಿ, ಹಾಗಾಗಿ ಇದು ರೋಗವಲ್ಲ, ಗಾಡಿಯ ಸ್ವಭಾವ. ಈಚೆಗೆ ಜಾಸ್ತಿಯಾಗಿದ್ದರೆ ಮಾತ್ರ ಆ ಲೀನ್ ತೊಂದರೆಗೂ ಇದಕ್ಕೂ ಸಂಬಂಧ ಇರಬಹುದು.

ಪೆಡಲ್‌ಗೆ ಸಿಗಿಸುವ ಸಣ್ಣ ಪೆಟ್ಟಿಗೆಗಳನ್ನು ಮಾರುತ್ತಾರಲ್ಲ, ಪಿಕಪ್ ಜಾಸ್ತಿ ಆಗುತ್ತದೆ ಎಂದು. ಅವು ನೀವು ಶೇ. 30 ಒತ್ತಿದರೆ ಶೇ. 50 ಎಂದು ಅರ್ಜಿ ತಿದ್ದುತ್ತವೆ, ಅಷ್ಟೆ. ಇಂಜಿನ್‌ಗೆ ಒಂದು ಚೂರೂ ಶಕ್ತಿ ಸೇರುವುದಿಲ್ಲ. ಇನ್ನಷ್ಟು ಆಳಕ್ಕೆ ಒತ್ತಿದರೆ ಅದೇ ಪುಕ್ಕಟೆ ಸಿಗುತ್ತದೆ. ಪೆಡಲ್ ಒಳಗೆ ಸುರಕ್ಷತೆಗೆಂದೇ ಎರಡು ಸೆನ್ಸರ್ ಇಟ್ಟು, ಎರಡೂ ತಾಳೆಯಾಗುತ್ತವೆಯೇ ಎಂದು ಇಸಿಯು ಸದಾ ನೋಡುತ್ತಿರುತ್ತದೆ. ಆ ಜಾಗದಲ್ಲಿ ಇಂಥ ಪೆಟ್ಟಿಗೆ ತುರುಕುವುದು ನನಗಂತೂ ಇಷ್ಟವಿಲ್ಲ.

ಅಲ್ಲಿಯವರೆಗೆ ಓಡಿಸಬಹುದಾ ಎಂದರೆ, ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಕೆಲವು ದಿನ ಓಡಿಸಿ. ಇಸಿಯು ಪೆಟ್ರೋಲ್ ಕೂಡಿಸಿ ಸರಿದೂಗಿಸುತ್ತಿದೆ. ತುಂಬಾ ಭಾರ ಹೇರಿಕೊಂಡು ದೂರ ಹೋಗುವುದು, ಜೋರಾಗಿ ಎಳೆಸುವುದು ಬೇಡ. ಆದರೆ ಅದೇ ದೀಪ ಮಿಣುಕಲು ಶುರುವಾದರೆ ಕಾಲು ತೆಗೆಯಿರಿ. ಮಿಣುಕುವುದು ಎಂದರೆ ಸಿಲಿಂಡರ್ ಮಿಸ್ ಆಗುತ್ತಿದೆ, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತಿದೆ. ಹಾಗೇ ಓಡಿಸಿದರೆ ಅದರ ಒಳಗಿನ ಜೇನುಗೂಡು ಕರಗಿಹೋಗುತ್ತದೆ. ಆಗ ನಿಧಾನಿಸಿ, ಮಿಣುಕುವುದು ನಿಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಗಾಡಿ ಎಳೆಸಿಕೊಂಡು ಹೋಗಿ.

ಟ್ರಿಮ್‌ನ ಆ ಮೂರು ಅಂಕಿಗಳು ಸಿಕ್ಕಿದ ಮೇಲೆ ಮತ್ತೆ ಬರೆಯಿರಿ. ಮಾಫೋ ಮ್ಯಾಪೋ ಎಂಬುದನ್ನೂ ಬರೆಯಿರಿ. ಅಲ್ಲಿಯವರೆಗೆ ಯಾರಿಂದಲೂ ಕೋಡ್ ಅಳಿಸಬೇಡಿ, ಕಲಿತದ್ದೆಲ್ಲ ಹೋಗಿಬಿಡುತ್ತದೆ.